ಎಡಗೈಯ ಖಾಲಿ ಮನೆಗಳು

ಮಾರ್ಚ್ 4

ಬಡಗಿಗೆ,

ನೀನು ಹೋಗಿ ಐದು ತಿಂಗಳಾಯಿತು. ಬಂದದ್ದು ಎರಡೇ ಪತ್ರ. ಎರಡರಲ್ಲೂ ಅಲ್ಲಿನ ಚಳಿಯ ವರ್ಣನೆ ಬಿಟ್ಟರೆ ಬೇರೇನಿಲ್ಲ. ನಾನೇನು ಹವಾಮಾನ ಇಲಾಖೆಯವಳೇ? ಪಿಯಾನೊ ಎಂಥದು, ಜೊತೆಗೆ ನುಡಿಸುವವರು ಯಾರು, ಜನ ಕೇಳುತ್ತಾರೋ ಬರೀ ಊಟ ಮಾಡುತ್ತಾರೋ, ಅದನ್ನು ಬರೆ.

ಇಲ್ಲಿ ಸಂಗೀತ ಶಾಲೆಯಲ್ಲಿ ನನ್ನ ಜಾಜ್ ತರಗತಿಯನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದ್ದಾರೆ. ಮುಖ್ಯೋಪಾಧ್ಯಾಯರು ಕರೆಸಿ, ಕುರ್ಚಿ ತೋರಿಸಿ, ಕುಡಿಯಲು ನೀರು ಕೊಟ್ಟು ವಿಷಯ ಹೇಳಿದರು. ನೀರು ಕೊಟ್ಟಾಗಲೇ ನನಗೆ ಅರ್ಥವಾಗಿತ್ತು. ಉಳಿದಿರುವುದು ಮೂವರು ವಿದ್ಯಾರ್ಥಿಗಳು. ಒಬ್ಬಳಿಗೆ ಕಿವಿ ಇದೆ, ಒಬ್ಬನಿಗೆ ಬೆರಳಿದೆ, ಇನ್ನೊಬ್ಬನಿಗೆ ಅಮ್ಮನ ಒತ್ತಾಯವಿದೆ. ಏಳನೇ ನಂಬರಿನ ಕೋಣೆಯ ಪಿಯಾನೊ ನೀನು ಬಿಟ್ಟು ಹೋದ ಸ್ಥಿತಿಯಲ್ಲೇ ಇದೆ. ಶ್ರುತಿ ಮಾಡುವ ಮುದುಕ ಬಂದು ಮುಚ್ಚಳ ತೆಗೆದು ನೋಡಿ, "ಅಮ್ಮಾ, ಇದಕ್ಕೂ ನನಗೂ ಒಂದೇ ವಯಸ್ಸು. ಜಾಸ್ತಿ ಏನೂ ಕೇಳ್ಬೇಡಿ" ಎಂದು ಹೇಳಿ ಹೋದ.

ಬರೆಯಲು ಕಾರಣ ಬೇರೆ. ನಲವತ್ತು ವರ್ಷ ಯಾರು ಯಾರದೋ ಹಾಡು ನುಡಿಸಿದೆ. ನನ್ನದೂ ಒಂದಿಪ್ಪತ್ತು ಬರೆದೆ. ಆದರೆ ಒಂದಕ್ಕೊಂದು ಸೇರಿ ಗಟ್ಟಿಯಾಗಿ ನಿಲ್ಲುವಂಥದ್ದನ್ನು ಮಾಡಲೇ ಇಲ್ಲ. ಈಗ ಮಾಡುತ್ತಿದ್ದೇನೆ. ಹೆಸರು 'ನಾಲ್ಕು ಕೋಣೆಗಳು'. ನಾನು ಕೂತು ದುಡಿದ ನಾಲ್ಕು ಜಾಗಗಳು: ಹತ್ತೊಂಬತ್ತನೇ ವಯಸ್ಸಿನಲ್ಲಿ ಹಡಗಿನ ಊಟದ ಹಾಲ್, ಆಮೇಲೆ ಡಾನ್ಸ್ ಹಾಲ್, ಆಮೇಲೆ ರೇಡಿಯೊ ಸ್ಟುಡಿಯೊ, ಕೊನೆಗೆ ಈ ಏಳನೇ ನಂಬರು. ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ನನ್ನ ಕೈ ನುಡಿಸಿ ನೋಡದ ಒಂದು ಸ್ವರವನ್ನೂ ನಾನು ಹಾಳೆಗೆ ಹಾಕುವುದಿಲ್ಲ. ಡ್ರಮ್ ಬಾರಿಸುತ್ತಿದ್ದ ನಮ್ಮ ಯಜಮಾನರು ಇದಕ್ಕೆ ನಗುತ್ತಿದ್ದರು, "ಉಪ್ಪು ನೋಡದೆ ಬಡಿಸೋ ಪೈಕಿ ಅಲ್ಲ ಇವಳು" ಎಂದು. ಹಾಗಾಗಿ ಕೆಲಸ ನಿಧಾನ.

ಮೊದಲ ತುಣುಕು ಇದರ ಜೊತೆಗಿದೆ. ನಿನ್ನಷ್ಟು ಚೆನ್ನಾಗಿ ನಕಲು ತೆಗೆಯುವವರು ಇಲ್ಲಿ ಯಾರೂ ಇಲ್ಲ. ಎಡಗೈಯ ಸಾಲಿನಲ್ಲಿ ಹನ್ನೊಂದು ಮನೆ ಖಾಲಿ ಇವೆ. ಸದ್ಯಕ್ಕೆ ಹಾಗೇ ಇರಲಿ.

ನಿನ್ನ
ಟೀಚರ್

*

ಮಾರ್ಚ್ 21

ಟೀಚರ್ ಅವರಿಗೆ ಬಡಗಿಯ ನಮಸ್ಕಾರಗಳು.

ಲಕೋಟೆ ಒಡೆದು ಹಾಳೆ ಬಿಡಿಸಿದೆ. ಎಡಗೈ ಸಾಲಿನ ಖಾಲಿ ಮನೆಗಳನ್ನು ನೋಡಿ ಮೂವತ್ತನಾಲ್ಕು ವರ್ಷದ ಕತ್ತೆ ಒಬ್ಬನೇ ಕೂತು ನಕ್ಕೆ. ಮರೆತಿಲ್ಲ ಟೀಚರ್. ವಾರಕ್ಕೊಂದು ಹಾಳೆ ಕೊಡುತ್ತಿದ್ದಿರಿ. ಎರಡು ಉದ್ದಗೆರೆಗಳ ನಡುವೆ ತಾಳದ ಒಂದು ಸುತ್ತು ಕೂರುವ ಜಾಗಕ್ಕೆ ಮನೆ ಎಂದು ಹೇಳಿಕೊಟ್ಟವರೂ ನೀವೇ. ಬಲಗೈ ಪೂರ್ತಿ ಬರೆದು, ಎಡಗೈಯಲ್ಲಿ ನಾಲ್ಕೈದು ಮನೆ ಖಾಲಿ ಬಿಟ್ಟು, "ಇಲ್ಲಿ ಯಾರು ವಾಸ ಮಾಡ್ಬೇಕು ಅಂತ ಮುಂದಿನ ವಾರ ಬಂದು ಹೇಳು" ಎನ್ನುತ್ತಿದ್ದಿರಿ. ನಾನು ತುಂಬಿಕೊಂಡು ಬಂದದ್ದನ್ನು ನೋಡಿ, "ಮೊಳೆ ಹೊಡೆದಿದ್ದೀಯಲ್ಲೋ" ಎಂದು ಬಡಗಿ ಎಂಬ ಹೆಸರಿಟ್ಟಿರಿ. ಹದಿನಾಲ್ಕು ವರ್ಷದಿಂದ ಅದೇ ಹೆಸರು. ಈಗ ಅಪ್ಪ ಇಟ್ಟ ಹೆಸರಿನಿಂದ ಯಾರಾದರೂ ಕರೆದರೆ ತಿರುಗಿ ನೋಡುವುದಿಲ್ಲ.

ಈ ವಯಸ್ಸಿನಲ್ಲೂ ನನಗೆ ಮನೆಪಾಠ ಕೊಡುವಷ್ಟು ನಂಬಿಕೆ ಇಟ್ಟಿರಲ್ಲ, ಅದಕ್ಕೇ ಸಂತೋಷ. ಹನ್ನೊಂದೂ ಮನೆ ತುಂಬಿ ಕಳಿಸಿದ್ದೇನೆ. ಪೆನ್ಸಿಲ್‌ನಲ್ಲೇ ಬರೆದಿದ್ದೇನೆ, ನಿಮ್ಮ ಕೆಂಪು ಬಣ್ಣಕ್ಕೆ ಜಾಗ ಇರಲಿ ಎಂದು.

ಇಲ್ಲಿ ಕ್ಲಬ್ಬಿನಲ್ಲಿ ಎಲ್ಲ ಚೆನ್ನಾಗಿದೆ. ಪಿಯಾನೊ ಒಳ್ಳೆಯದು. ಗೋಡೆ ತುಂಬ ಕನ್ನಡಿ, ಮರದ ನೆಲ. ಜನ ಕೇಳುತ್ತಾರೆ. ಚಳಿಯ ಬಗ್ಗೆ ಏನೂ ಬರೆಯುವುದಿಲ್ಲ.

ನಿಮ್ಮ
ಬಡಗಿ

*

ಏಪ್ರಿಲ್ 14

ಬಡಗಿಗೆ,

ಹಾಗೇ ಇರಲಿ ಎಂದು ಬರೆದದ್ದನ್ನು ನೀನು ಓದಲಿಲ್ಲವೋ, ಓದಿಯೂ ನಿನ್ನ ಬುದ್ಧಿ ಬಿಡಲಿಲ್ಲವೋ ಗೊತ್ತಿಲ್ಲ. ಖಾಲಿ ಜಾಗ ಕಂಡ ಕೂಡಲೇ ಮಂಚ, ಬೀರು, ಕುರ್ಚಿ ಎಲ್ಲ ತಂದು ತುಂಬಿಬಿಟ್ಟೆ. ನಡೆದಾಡಲೂ ಜಾಗವಿಲ್ಲ. ನಿನ್ನ ಹಾಳೆಯನ್ನು ವಾಪಸು ಕಳಿಸಿದ್ದೇನೆ, ಕೆಂಪು ಗೆರೆಗಳನ್ನು ನೋಡಿಕೋ. ಏಳನೇ ಮನೆಯಲ್ಲಿ, ಬಲಗೈ ಮೇಲೆ ಸಿ ಸ್ವರ ಹಿಡಿದು ನಿಂತಿರುವಾಗ, ಕೆಳಗೆ ಡಿ ಫ್ಲಾಟ್ ತಂದು ಇಟ್ಟಿದ್ದೀಯ. ಅದು ತಪ್ಪು. ಯಾಕೆ ಎಂದು ವಾದಕ್ಕೆ ಬರಬೇಡ.

ಡಾನ್ಸ್ ಹಾಲ್ ಮತ್ತು ರೇಡಿಯೊ ಸ್ಟುಡಿಯೊ ಮುಗಿದಿವೆ, ಎರಡನ್ನೂ ಇಟ್ಟಿದ್ದೇನೆ. ಒಂದರಲ್ಲಿ ಹತ್ತೊಂಬತ್ತು, ಇನ್ನೊಂದರಲ್ಲಿ ಮೂವತ್ತು ಮನೆ ಖಾಲಿ. ಖಾಲಿ ಜಾಸ್ತಿಯಾಗಿದೆ ಎಂದು ನಿನಗೇ ಕಾಣುತ್ತದೆ. ಕಂಡರೆ ಸಾಕು.

ಡಾನ್ಸ್ ಹಾಲ್ ಬಗ್ಗೆ ನಿನಗೆ ಹೇಳಿದ್ದೆನೋ ಇಲ್ಲವೋ. ಅಲ್ಲಿ ಎಂಟು ವರ್ಷ ನುಡಿಸಿದೆ. ವೇದಿಕೆಯ ಒಂದು ಹಲಗೆ ಸಡಿಲವಾಗಿತ್ತು, ನಮ್ಮ ಯಜಮಾನರು ಜೋರಾಗಿ ಬಾರಿಸಿದರೆ ನನ್ನ ಸ್ಟೂಲು ಒಂದಿಂಚು ಹಿಂದೆ ಸರಿಯುತ್ತಿತ್ತು. ಹಾಡು ಮುಗಿಯುವಷ್ಟರಲ್ಲಿ ಕೈ ಚಾಚಿಕೊಂಡು ನುಡಿಸುತ್ತಿದ್ದೆ. ಜನ ಅದನ್ನೇ ನನ್ನ ಶೈಲಿ ಎಂದುಕೊಂಡರು. ಒಬ್ಬ ಅದರ ಬಗ್ಗೆ ಪತ್ರಿಕೆಯಲ್ಲಿ ಬರೆದೂಬಿಟ್ಟ. ನಮ್ಮಿಬ್ಬರಿಗೂ ಒಂದು ವಾರ ಅದೇ ನಗು.

ಕನ್ನಡಿ ಇರುವ ಹಾಲ್‌ನಲ್ಲಿ ಸದ್ದು ಚೂರು ಚೂರಾಗುತ್ತದೆ, ಪೆಡಲ್ ಕಡಿಮೆ ಮಾಡು. ಒಳ್ಳೆಯ ಪಿಯಾನೊ, ಕೇಳುವ ಜನ. ಅದೃಷ್ಟವಂತ ಕಣೋ ನೀನು.

ಟೀಚರ್

*

ಮೇ 9

ಟೀಚರ್ ಅವರಿಗೆ,

ನಿಮ್ಮ ಕೆಂಪು ಗೆರೆಗಳು ತಲುಪಿದವು. ಮೂರು ವಾರ ಏನೂ ಬಾರದೆ ಇದ್ದಾಗ, ಹಾಳೆಯನ್ನು ಎಲ್ಲೋ ಮೂಲೆಗೆ ಎಸೆದಿದ್ದೀರಿ ಎಂದುಕೊಂಡಿದ್ದೆ. ಪರವಾಗಿಲ್ಲ, ಬೈಗುಳವಾದರೂ ಬಂತು. ಹೊಸ ಎರಡು ತುಣುಕುಗಳನ್ನು ನಲವತ್ತು ಸಲ ನುಡಿಸಿ, ಸಾಮಾನು ಕಡಿಮೆ ಮಾಡಿ, ಮನೆಗೆ ಎರಡೋ ಮೂರೋ ಸ್ವರ ಇಟ್ಟು ತುಂಬಿದ್ದೇನೆ. ಖಾಲಿ ಜಾಸ್ತಿ ಬಿಟ್ಟಿರುವುದು ನನಗೆ ಕಂಡಿತು ಟೀಚರ್. ಮೊದಲನೆಯದಕ್ಕಿಂತ ಕಷ್ಟದ ಪರೀಕ್ಷೆ. ಡಿ ಫ್ಲಾಟ್ ಮಾತ್ರ ತೆಗೆದಿಲ್ಲ. ಬೈದುಕೊಳ್ಳಿ.

ಈಗ ಮುಖ್ಯ ವಿಷಯ. ಇಲ್ಲಿ ಒಂದು ಸಣ್ಣ ರೆಕಾರ್ಡ್ ಕಂಪನಿ ಇದೆ. ಅದರ ಯಜಮಾನಿ ನಾನು ಮೊದಲ ತುಣುಕನ್ನು ನುಡಿಸುತ್ತಿದ್ದಾಗ ಬಾಗಿಲ ಹೊರಗೆ ನಿಂತು ಕೇಳಿದರಂತೆ. ಒಳಗೆ ಬಂದು, "ಇದು ಯಾರದ್ದು?" ಎಂದರು. ನಿಮ್ಮ ಹೆಸರು ಹೇಳಿದೆ. ಅವರಿಗೆ ನಿಮ್ಮ ಹಳೆಯ ರೇಡಿಯೊ ಕಾರ್ಯಕ್ರಮ ನೆನಪಿದೆ. "ಅವರು ಇನ್ನೂ ಇದ್ದಾರಾ?" ಎಂದು ಕೇಳಿದರು, ಸಿಟ್ಟಾಗಬೇಡಿ. ಪೂರ್ತಿ 'ನಾಲ್ಕು ಕೋಣೆಗಳು' ರೆಕಾರ್ಡ್ ಮಾಡುತ್ತಾರಂತೆ, ಅಕ್ಟೋಬರ್‌ನಲ್ಲಿ. ಷರತ್ತು ಒಂದೇ, ನೀವೇ ಬಂದು ನುಡಿಸಬೇಕು. ರೈಲಿನ ಟಿಕೆಟ್, ಉಳಿದುಕೊಳ್ಳುವ ಜಾಗ ಎಲ್ಲ ಅವರದೇ.

"ಎಡಗೈ ಒಂಥರಾ ಇದೆ, ಅದೂ ಅವರದ್ದೇನಾ?" ಎಂದೂ ಕೇಳಿದರು. ನನ್ನದು, ಮನೆಪಾಠ ಎಂದೆ. ಅವರು ನಗಲಿಲ್ಲ. ತಲೆ ಆಡಿಸಿದರು.

ಟೀಚರ್, ಒಂದು ಮಾತು. ಹದಿನಾಲ್ಕು ವರ್ಷದಲ್ಲಿ ನೀವು ನನಗೆ 'ತಪ್ಪು' ಎಂದಿದ್ದೀರಿ, 'ಪರವಾಗಿಲ್ಲ' ಎಂದಿದ್ದೀರಿ, 'ಮುಂದೆ ನೋಡೋಣ' ಎಂದಿದ್ದೀರಿ. ಒಮ್ಮೆಯೂ ಸರಿ ಎನ್ನಲಿಲ್ಲ. ಈ ಸಲ ತುಂಬಿದ್ದರಲ್ಲಿ ಒಂದೇ ಒಂದು ಮನೆ ಸರಿ ಇದ್ದರೂ ಬಾಯಿಬಿಟ್ಟು ಹೇಳಿ. ನನಗೆ ಅದು ಈಗ ಬೇಕಾಗಿದೆ. ಯಾಕೆ ಎಂದು ಕೇಳಬೇಡಿ.

ನಿಮ್ಮ
ಬಡಗಿ

*

ಮೇ 27

ಬಡಗಿ,

ಇದನ್ನು ಅಂಚೆಪೆಟ್ಟಿಗೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಬೇಕು, ನನಗೆ ಬೇರೆ ಯಾರಿದ್ದಾರೆ.

ನನ್ನ ಎಡಗೈ ಹೋಯಿತು ಕಣೋ.

ಕಳೆದ ವರ್ಷ ನೀನು ಇಲ್ಲಿರುವಾಗಲೇ ಶುರುವಾಗಿತ್ತು. ಕಿರುಬೆರಳು, ಉಂಗುರದ ಬೆರಳು, ಎರಡೂ ಪಿಯಾನೊ ಮುಟ್ಟಿದ ಕೂಡಲೇ ಅಂಗೈಯೊಳಕ್ಕೆ ಮಡಚಿಕೊಳ್ಳುತ್ತವೆ. ನೋವಿಲ್ಲ. ಗುಂಡಿ ಹಾಕುತ್ತೇನೆ, ಬಟ್ಟೆ ಹಿಂಡುತ್ತೇನೆ, ಡಬ್ಬಿಯ ಮುಚ್ಚಳ ತಿರುಗಿಸುತ್ತೇನೆ, ಎಲ್ಲಕ್ಕೂ ಬರುತ್ತವೆ. ಪಿಯಾನೊಗೆ ಮಾತ್ರ ಬರುವುದಿಲ್ಲ. ಡಾಕ್ಟರು ಒಂದು ಗಂಟೆ ನೋಡಿ ಹೇಳಿದರು, "ಬೆರಳಿಗೇನೂ ಆಗಿಲ್ಲಮ್ಮ. ಬೆರಳಿಗೆ ಹೇಳೋ ಕಡೆ ಗೊಂದಲ ಆಗಿದೆ. ನಲವತ್ತು ವರ್ಷ ಒಂದೇ ಕೆಲಸ ಹೇಳಿದ್ದೀರಲ್ಲ." ಔಷಧ ಇಲ್ಲವಂತೆ. ವಿಶ್ರಾಂತಿ ಕೊಟ್ಟು ನೋಡಿ ಎಂದರು. ಕೊಟ್ಟು ನೋಡಿದೆ. ಈಗ ನಡುಬೆರಳೂ ಅವುಗಳ ಜೊತೆ ಸೇರುತ್ತಿದೆ.

ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ನಿಂತುಕೊಂಡು, ಬಲಗೈಯಲ್ಲೇ ತೋರಿಸಿ ಪಾಠ ಮಾಡುತ್ತೇನೆ. ಮಕ್ಕಳು ಇದು ನನ್ನ ಗತ್ತು ಎಂದುಕೊಂಡಿದ್ದಾರೆ.

ಆ ಖಾಲಿ ಮನೆಗಳು ಮನೆಪಾಠವಲ್ಲ. ಅಲ್ಲಿ ಏನಿರಬೇಕು ಎಂದು ನನ್ನ ಕಿವಿಗೆ ಕೇಳುತ್ತದೆ. ಕೈ ಹೋಗುವುದಿಲ್ಲ. ಬಲಗೈಯಿಂದ ಒತ್ತಿ ನೋಡಿದೆ. ನನ್ನ ಮಾತನ್ನು ಬೇರೆ ಯಾರೋ ಆಡಿದ ಹಾಗಿತ್ತು, ಬರೆಯಲಾಗಲಿಲ್ಲ. ಇಲ್ಲಿ ಸ್ವರ ಬೇಡ ಎನ್ನುವ ವಿಶ್ರಾಂತಿಯ ಗುರುತು ಹಾಕಿದ್ದರೆ ಅದು ಸುಳ್ಳಾಗುತ್ತಿತ್ತು, ಏಕೆಂದರೆ ಅಲ್ಲಿ ವಿಶ್ರಾಂತಿ ಇಲ್ಲ, ಸ್ವರ ಇದೆ. ಅದಕ್ಕೇ ಬರಿದಾಗಿ ಬಿಟ್ಟೆ. ನಿನಗೆ ಕಳಿಸಿದ್ದು ಸುಮ್ಮನೆ ನಕಲಿಗಲ್ಲ. ನನ್ನ ಪದ್ಧತಿ ಗೊತ್ತಿರುವವನು ನೀನೊಬ್ಬನೇ. ಹಾಳೆ ನೋಡಿದ ಕೂಡಲೇ ಗಾಬರಿಯಾಗಿ, "ಟೀಚರ್, ಕೈಗೇನಾಯ್ತು?" ಎಂದು ಕೇಳುತ್ತೀಯ ಎಂದುಕೊಂಡಿದ್ದೆ. ನೀನು ಸಂತೋಷಪಟ್ಟೆ. ಅದನ್ನು ಓದಿದ ಮೇಲೆ ಹೇಳುವುದು ಹೇಗೆ?

ನೀನು ತುಂಬಿದ್ದನ್ನು ಸ್ಟ್ಯಾಂಡಿನ ಮೇಲಿಟ್ಟು ದಿನಾ ಅದರ ಮುಂದೆ ಕೂತುಕೊಳ್ಳುತ್ತೇನೆ. ನುಡಿಸಲು ನೋಡುತ್ತೇನೆ, ಬೆರಳು ಮಡಚುತ್ತದೆ, ಕೈ ಇಳಿಸಿ ಕಣ್ಣಲ್ಲೇ ಓದುತ್ತೇನೆ. ಚೆನ್ನಾಗಿದೆ. ಚೆನ್ನಾಗಿದೆ ಎಂಬುದನ್ನೇ ನನಗೆ ತಡೆದುಕೊಳ್ಳಲಾಗುವುದಿಲ್ಲ. ನನಗೆ ಹೊಟ್ಟೆಕಿಚ್ಚು, ಬಡಗಿ. ನನ್ನ ಮನೆಯಲ್ಲಿ ನೀನು ಓಡಾಡುತ್ತಿದ್ದೀಯ, ನಾನು ಬಾಗಿಲಲ್ಲಿ ನಿಂತಿದ್ದೇನೆ.

ಅಕ್ಟೋಬರ್‌ಗೆ ಬರಬೇಕಂತೆ. ಏನೆಂದು ಬರೆಯಲಿ.

*

ಜೂನ್ 2

ಬಡಗಿಗೆ,

ರೆಕಾರ್ಡಿಂಗಿಗೆ ನಾನು ಬರುವುದಿಲ್ಲ. ಕಂಪನಿಯವರಿಗೆ ನನ್ನ ಪರವಾಗಿ ತಿಳಿಸು.

ಕಾರಣ ಕೇಳುತ್ತೀಯ, ಹೇಳುತ್ತೇನೆ. ಅವರು ಕೇಳಿ ಮೆಚ್ಚಿದ್ದು ನನ್ನ ತುಣುಕನ್ನಲ್ಲ, ನೀನು ತೇಪೆ ಹಾಕಿದ್ದನ್ನು. ಅದನ್ನು ನನ್ನದು ಎಂದು ಕೂತು ನುಡಿಸುವಷ್ಟು ಬಡತನ ನನಗೆ ಬಂದಿಲ್ಲ. ಡಾನ್ಸ್ ಹಾಲ್, ಸ್ಟುಡಿಯೊ ಎರಡನ್ನೂ ನೋಡಿ ವಾಪಸು ಕಳಿಸಿದ್ದೇನೆ. ಸ್ವರ ಕಡಿಮೆ ಮಾಡಿದ್ದೀಯ, ಆದರೆ ಎಡಗೈ ಇನ್ನೂ ಬಡಗಿಯದೇ. ಒಂದು ಮನೆಯಾದರೂ ಸರಿ ಎನ್ನಬೇಕಂತೆ. ಕೇಳಿ ಪಡೆಯುವ ಮಾತಲ್ಲ ಅದು.

ನಾಲ್ಕನೆಯ ತುಣುಕು ಇಟ್ಟಿದ್ದೇನೆ, ಏಳನೇ ನಂಬರಿನದು. ಎಡಗೈ ಸಾಲು ಪೂರ್ತಿ ಖಾಲಿ. ಅವರಿಗೆ ರೆಕಾರ್ಡ್ ಮಾಡಲೇಬೇಕು ಎಂದಿದ್ದರೆ ನೀನೇ ನುಡಿಸು, ನನ್ನ ಅಡ್ಡಿಯಿಲ್ಲ. ಆದರೆ ನಾನು ಬರೆದಷ್ಟನ್ನೇ. ಖಾಲಿ ಮನೆಯಲ್ಲಿ ನಿನ್ನ ಒಂದು ಸ್ವರವೂ ಇರಕೂಡದು.

ಟೀಚರ್

*

ಜೂನ್ 29

ಟೀಚರ್ ಅವರಿಗೆ,

ಪತ್ರ ತಲುಪಿತು. ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು, ಕ್ಷಮಿಸಿ.

ನಾನು ಕ್ಲಬ್ಬಿನಲ್ಲಿ ನುಡಿಸುತ್ತಿಲ್ಲ. ಜನವರಿಯಲ್ಲೇ ಅಲ್ಲಿಂದ ತೆಗೆದರು. ಮ್ಯಾನೇಜರು, "ನೀವು ನುಡಿಸೋದು ತಪ್ಪು ಅಂತಲ್ಲ. ಯಾರೂ ನಿಮ್ಮನ್ನ ಕೇಳಿಕೊಂಡು ಬರಲ್ಲ, ಅಷ್ಟೆ" ಎಂದರು. ಗೋಡೆ ತುಂಬ ಕನ್ನಡಿ ಇರುವುದು ಮಕ್ಕಳ ನೃತ್ಯ ಶಾಲೆ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ, ಅವರು ಕಾಲು ಎತ್ತಲು ಇಳಿಸಲು ನಾನು ತಾಳ ಕೊಡುತ್ತೇನೆ. ಕಂಪನಿಯ ಯಜಮಾನಿ ತಮ್ಮ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಅಲ್ಲಿಗೆ ಬರುತ್ತಾರೆ. ತರಗತಿ ಮುಗಿದ ಮೇಲೆ ನಿಮ್ಮ ತುಣುಕನ್ನು ನನ್ನ ಎಡಗೈ ಸೇರಿಸಿ ನುಡಿಸುತ್ತಿದ್ದೆ. ಅವರು ಕೇಳಿದ್ದು ಅದನ್ನು. ಅವರು ತಲೆ ಆಡಿಸಿದ ದಿನ ನಾನು ಮನೆಗೆ ಬಸ್ಸು ಹಿಡಿಯದೆ ನಡೆದುಕೊಂಡು ಹೋದೆ. ನನಗೆ ಏನೋ ಬರುತ್ತದೆ ಎಂದು ಅನಿಸಿತ್ತು.

ಅದಕ್ಕೇ ನಿಮ್ಮ ಬಾಯಿಂದ ಆ ಮಾತು ಕೇಳಬೇಕಿತ್ತು. ಕೇಳಿ ಪಡೆಯುವ ಮಾತಲ್ಲ ಎಂದು ತಿಳಿಯಿತು. ನನ್ನ ಕಿವಿಗಿಂತ ನಿಮ್ಮ ಕಿವಿಯನ್ನೇ ನಾನು ಯಾವತ್ತೂ ಹೆಚ್ಚು ನಂಬಿದವನು, ಈಗಲೂ ನಂಬುತ್ತೇನೆ.

ರಬ್ಬರ್ ತಂದು ಮೂರೂ ತುಣುಕುಗಳಿಂದ ನನ್ನ ಸ್ವರಗಳನ್ನು ಅಳಿಸಿದೆ. ನಕಲುಗಳಿಂದಲೂ. ಕಂಪನಿಯವರನ್ನು ಕೇಳಿ ಒಪ್ಪಿಸಿದ್ದೇನೆ. ಅಕ್ಟೋಬರ್‌ನಲ್ಲಿ ನಾನೇ ನುಡಿಸುತ್ತೇನೆ, ನೀವು ಬರೆದಷ್ಟನ್ನೇ. ಅದು ಮುಗಿದ ಮೇಲೆ ಪಿಯಾನೊ ಬಿಡುತ್ತೇನೆ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಕೆಲಸ ಸಿಗುವ ಹಾಗಿದೆ.

ಇಂತಿ,
ಬಡಗಿ

*

ಜುಲೈ 15

(ಕಾರ್ಡು)

ನಿನ್ನ ಪತ್ರ ಬಂತು. ಆತುರಪಡಬೇಡ. ವಿವರವಾಗಿ ಬರೆಯುವುದಿದೆ, ಬರೆಯುತ್ತೇನೆ.

ಟೀಚರ್

*

ನವೆಂಬರ್ 18

ಟೀಚರ್ ಅವರಿಗೆ,

ಬರೆಯುತ್ತೇನೆ ಎಂದಿರಿ, ನಾಲ್ಕು ತಿಂಗಳು ಕಾದೆ. ಇನ್ನು ಕಾಯುವುದಿಲ್ಲ.

ರೆಕಾರ್ಡ್ ಕಳಿಸಿದ್ದೇನೆ. ಎರಡು ಬೆಳಿಗ್ಗೆಯಲ್ಲಿ ಮುಗಿಯಿತು. ನೀವು ಹೇಳಿದಂತೆ ಒಂದು ಸ್ವರವನ್ನೂ ಸೇರಿಸಿಲ್ಲ. ಖಾಲಿ ಮನೆ ಬಂದಾಗಲೆಲ್ಲ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ, ಅಭ್ಯಾಸಬಲದಿಂದ ಎಲ್ಲಿ ಹೋಗಿಬಿಡುತ್ತದೋ ಎಂದು. ನಾಲ್ಕನೆಯ ತುಣುಕಿಗೆ ಪೂರ್ತಿ ಅದರ ಮೇಲೇ ಕೂತಿದ್ದೆ. ಎದ್ದಾಗ ಜೋಮು ಹಿಡಿದಿತ್ತು.

ಪತ್ರಿಕೆಯ ತುಂಡನ್ನೂ ಇಟ್ಟಿದ್ದೇನೆ. 'ಇಷ್ಟು ಖಾಲಿ ಬಿಡಲು ಒಂದು ಜೀವಮಾನದ ಧೈರ್ಯ ಬೇಕು' ಎಂದು ನಿಮ್ಮ ಬಗ್ಗೆ ಬರೆದಿದ್ದಾರೆ. ನನ್ನ ಬಗ್ಗೆಯೂ ಒಂದು ಸಾಲಿದೆ, 'ವಿಧೇಯ' ಎಂದು. ನೀವು ಹೇಳಿದ್ದೇ ಸರಿಯಾಯಿತು. ನನ್ನ ಸ್ವರಗಳು ಇದ್ದಿದ್ದರೆ ಹಾಳಾಗುತ್ತಿತ್ತು.

ಬಾಡಿಗೆಗೆ ತಂದಿದ್ದ ಪಿಯಾನೊ ವಾಪಸು ಕೊಟ್ಟೆ. ಈಗ ಕೋಣೆಯಲ್ಲಿ ಬಟ್ಟೆ ಒಣಗಿಸಲು ಜಾಗವಿದೆ. ಟಿಕೆಟ್ ಕಿಟಕಿಯಲ್ಲಿ ಕೆಲಸ ಶುರುವಾಗಿ ಎರಡು ವಾರ. ಕಷ್ಟವೇನಿಲ್ಲ. ಜನ ಊರಿನ ಹೆಸರು ಹೇಳುತ್ತಾರೆ, ನಾನು ಹರಿದು ಕೊಡುತ್ತೇನೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ

*

ಡಿಸೆಂಬರ್ 3

ಬಡಗಿ,

ಇದರ ಜೊತೆ ಮೇ 27ರ ಪತ್ರವಿದೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಾ. ಈಗ ಬೈಯುವುದಿದ್ದರೆ ಬೈಯಿ.

ರೆಕಾರ್ಡನ್ನು ಏಳನೇ ನಂಬರಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದೆ. ನಿನ್ನ ಬಲಗೈ ನನ್ನದಕ್ಕಿಂತ ಸ್ವಚ್ಛವಾಗಿದೆ. ಮೊದಲ ಖಾಲಿ ಮನೆ ಬಂತು. ಸ್ಟೂಲು ಕಿರುಗುಟ್ಟಿದ್ದು ಕೇಳಿಸಿತು. ಅದು ನೀನು ಕೈಯನ್ನು ಕೆಳಗೆ ಸರಿಸಿದ ಸದ್ದು. ಒಳ್ಳೆಯ ಕೈಯನ್ನು ಮಡಚಿ ಇಟ್ಟು ನೀನು ನನ್ನ ರೋಗವನ್ನು ನುಡಿಸುತ್ತಿದ್ದೆ. ಎರಡನೇ ತುಣುಕಿನ ಅರ್ಧಕ್ಕೆ ನಿಲ್ಲಿಸಿದೆ. ಮುಂದೆ ಕೇಳಲಾಗಲಿಲ್ಲ. ಹೊರಗೆ ಮಕ್ಕಳು ತರಗತಿಗೆ ಕಾಯುತ್ತಿದ್ದರು. ಕಿವಿ ಇರುವ ಹುಡುಗಿ ಒಳಗೆ ಬಂದು, "ಮಿಸ್, ಅದರಲ್ಲಿ ಏನೋ ಬಿಟ್ಟುಹೋಗಿದೆ ಅಲ್ವಾ?" ಎಂದಳು. ಪತ್ರಿಕೆಯವರಿಗೆ ಕೇಳಿಸದ್ದು ಹದಿನಾರು ವರ್ಷದ ಹುಡುಗಿಗೆ ಕೇಳಿಸಿತು.

ಜೂನ್ ಕೊನೆಯ ನಿನ್ನ ಪತ್ರ ಬಂದಾಗ ರೈಲು ಹತ್ತಿ ಬಂದು ಕೈ ತೋರಿಸಿದ್ದರೆ ಮುಗಿಯುತ್ತಿತ್ತು. ಕಾರ್ಡು ಹಾಕಿದೆ. ಅಕ್ಟೋಬರ್ ದೂರವಿದೆ, ನಾಳೆ ಬರೆದರಾಯಿತು ಎಂದುಕೊಂಡೆ. ಒಂದು ಸಲವಲ್ಲ, ದಿನಾ ಅಂದುಕೊಂಡೆ. ನೀನು ನಿಜವಾಗಿ ಪಿಯಾನೊ ಬಿಡುವುದಿಲ್ಲ, ಸಿಟ್ಟಿಗೆ ಬರೆದಿದ್ದಾನೆ ಎಂದೂ ನನಗೆ ನಾನೇ ಹೇಳಿಕೊಂಡೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಿನ್ನ ಕೈ ಕಟ್ಟಿಹಾಕಿದೆ. ಇದಕ್ಕೆ ಬೇರೆ ಹೆಸರಿಲ್ಲ.

ಪಿಯಾನೊ ವಾಪಸು ತಾ. ನಿನ್ನ ಸ್ವರಗಳು ಇದ್ದ ಹಾಳೆ ಎಲ್ಲಾದರೂ ಒಂದು ಉಳಿದಿದೆಯೇ ನೋಡು.

ಟೀಚರ್

*

ಡಿಸೆಂಬರ್ 22

ಟೀಚರ್,

ಎರಡೂ ಪತ್ರ ಓದಿ ಒಂದು ವಾರ ಕೆಲಸಕ್ಕೆ ಹೋಗಿ ಬಂದೆ, ಏನೂ ಆಗದವನ ಹಾಗೆ. ನಿಮ್ಮ ಕೈ ನೆನೆದರೆ ಅಳು ಬರುತ್ತದೆ. ನೀವು ಮಾಡಿದ್ದನ್ನು ನೆನೆದರೆ ಅದು ನಿಂತುಹೋಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನನಗೆ ಇನ್ನೂ ಬಂದಿಲ್ಲ.

ನನ್ನ ತಪ್ಪೂ ಇದೆ. ನೀವು ನುಡಿಸದ ಸ್ವರ ಬರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು, ಮೊದಲ ಪತ್ರದಲ್ಲೇ ನೀವು ಮತ್ತೆ ಬರೆದೂ ಇದ್ದಿರಿ. ಹನ್ನೊಂದು, ಹತ್ತೊಂಬತ್ತು, ಮೂವತ್ತು, ಆಮೇಲೆ ಪೂರ್ತಿ ಸಾಲು. ನೋಡಿದ್ದರೆ ಚಿಕ್ಕ ಮಗುವಿಗೂ ತಿಳಿಯುತ್ತಿತ್ತು. ಖಾಲಿ ಜಾಗ ಕಂಡ ಕೂಡಲೇ ಅದು ನನಗೆಂದೇ ಬಿಟ್ಟದ್ದು ಎಂದುಕೊಂಡೆ. ನಿಮ್ಮ ಹಾಳೆಯಲ್ಲಿ ನನ್ನನ್ನೇ ಹುಡುಕಿದೆ.

ಹಾಳೆ ಯಾವುದೂ ಉಳಿದಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ರಬ್ಬರ್ ಚೆನ್ನಾಗಿ ಕೆಲಸ ಮಾಡಿದೆ. ಭಾನುವಾರ ನೃತ್ಯ ಶಾಲೆಯ ಕಾವಲುಗಾರನನ್ನು ಕೇಳಿಕೊಂಡು ಪಿಯಾನೊ ಮುಂದೆ ಕೂತೆ. ಬಲಗೈ ಹೋಯಿತು. ಖಾಲಿ ಮನೆ ಬಂದಾಗ ಎಡಗೈ ತಾನಾಗಿ ತೊಡೆಯ ಕೆಳಗೆ ಸೇರಿಕೊಂಡಿತು. ಏನು ಬರೆದಿದ್ದೆ ಎಂದು ನೆನಪಾಗಲಿಲ್ಲ. ತಪ್ಪು ಎಂದು ನೀವು ಹೇಳಿದ ಮೇಲೆ ಮರೆಯಲು ತುಂಬ ಕಷ್ಟಪಟ್ಟಿದ್ದೆ ಟೀಚರ್. ಮರೆತುಬಿಟ್ಟಿದ್ದೇನೆ.

ರೆಕಾರ್ಡಿನ ಎರಡನೇ ಮುದ್ರಣವೂ ಆಗುತ್ತಿದೆಯಂತೆ.

ಬಡಗಿ

*

ಜನವರಿ 8

ಬಡಗಿ,

ಇನ್ನು ಶಾಲೆಯ ವಿಳಾಸಕ್ಕೆ ಬರೆಯಬೇಡ. ಮುಖ್ಯೋಪಾಧ್ಯಾಯರ ಬಳಿ ಹೋಗಿ ಕೈ ತೋರಿಸಿದೆ. ಈ ಸಲ ನೀರು ಕೊಡಲಿಲ್ಲ. ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಕಂಪನಿಗೂ ಬರೆದೆ. ಅದು ಧೈರ್ಯವಲ್ಲ, ಕಾಯಿಲೆ ಎಂದು. ಮುದ್ರಣ ಆಗಿಹೋಗಿದೆ, ಈಗ ಹಾಗೆ ಹೇಳಿದರೆ ಯಾರಿಗೂ ಒಳ್ಳೆಯದಲ್ಲ ಎಂದು ಉತ್ತರ ಬಂತು. ನಾಲ್ಕು ಕೋಣೆಯಲ್ಲಿ ನಲವತ್ತು ವರ್ಷ ನುಡಿಸಿದವಳು ಕೊನೆಗೆ ಬಿಟ್ಟುಹೋದ ಸ್ವರಗಳಿಗೆ ಹೆಸರಾದಳು.

ನೀನು ಮರೆತದ್ದರಲ್ಲಿ ಆಶ್ಚರ್ಯವಿಲ್ಲ. ಮರೆಸಿದವಳು ನಾನು. ಆದರೆ ನಿನ್ನ ಒಂದೊಂದು ಹಾಳೆಯೂ ಮೂರು ವಾರ ನನ್ನ ಮನೆಯಲ್ಲಿತ್ತು. ಮೂಲೆಗೆ ಎಸೆದಿದ್ದೆ ಎಂದು ನೀನು ಬರೆದಿದ್ದೆ. ಬೆಳಿಗ್ಗೆ ಎದ್ದು ಮುಖ ತೊಳೆದು ಅದನ್ನೇ ಓದುತ್ತಿದ್ದೆ. ಕೈಲಾಗದಿದ್ದದ್ದಕ್ಕೆ ಕಣ್ಣಿಂದ ಓದಿದೆ, ಕಣ್ಣು ಮುಚ್ಚಿಕೊಂಡೂ ಓದಿದೆ. ನನಗೆ ಪೂರ್ತಿ ಬಾಯಿಪಾಠವಾಗಿದೆ. ಮೂರು ತುಣುಕು, ಅರವತ್ತು ಮನೆ.

ಈ ಹದಿನೈದು ದಿನ ಕೂತು ಅವನ್ನು ಬರೆದೆ. ಇದರ ಜೊತೆಗಿರುವ ಹಾಳೆಗಳು ಅವೇ. ಇದರಲ್ಲಿ ಒಂದು ಸ್ವರವನ್ನೂ ನನ್ನ ಕೈ ನುಡಿಸಿ ನೋಡಿಲ್ಲ. ಮೊದಲ ದಿನ ಪೆನ್ನು ಹಿಡಿದು ಒಂದು ಗಂಟೆ ಸುಮ್ಮನೆ ಕೂತಿದ್ದೆ, ನಲವತ್ತು ವರ್ಷದ ಹಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಖಾಲಿ ಇದ್ದ ಮೊದಲ ಮನೆ, ಐದನೆಯದು, ಅದರ ಜಿ ಸ್ವರ ಬರೆದೆ. ಆಮೇಲೆ ಉಳಿದವು ಬಂದವು. ಏಳನೇ ಮನೆಯಲ್ಲಿ ನಿನ್ನ ಡಿ ಫ್ಲಾಟ್ ಇದ್ದ ಜಾಗದಲ್ಲೇ ಇದೆ. ಅಲ್ಲಿ ನನ್ನ ಕಿವಿಗೆ ಕೇಳಿದ್ದು ಬೇರೆ ಸ್ವರ. ನಿನ್ನದು ಅದಕ್ಕಿಂತ ಒಳ್ಳೆಯದು. ಏಪ್ರಿಲ್‌ನಲ್ಲೇ ನನಗೆ ಅದು ಗೊತ್ತಿತ್ತು, ಅದಕ್ಕೇ ಅಷ್ಟು ದಪ್ಪವಾಗಿ ಕೆಂಪು ಗೆರೆ ಎಳೆದೆ.

ನೀನು ಮತ್ತೆ ಪಿಯಾನೊ ಮುಂದೆ ಕೂರಲೇಬೇಕು ಎಂದು ಇದನ್ನು ಕಳಿಸುತ್ತಿಲ್ಲ. ಹಾಗೆ ಹೇಳುವ ಬಾಯಿ ನನಗಿಲ್ಲ. ನಿನ್ನ ವಸ್ತು ನನ್ನ ಬಳಿ ಉಳಿದಿತ್ತು, ವಾಪಸು ಕೊಡುತ್ತಿದ್ದೇನೆ. ನೀನು ಟಿಕೆಟ್ ಹರಿಯುತ್ತಲೇ ಇದ್ದರೂ ಇವು ನಿನ್ನವೇ.

ಅರವತ್ತರಲ್ಲಿ ಐವತ್ತೆಂಟು ಸರಿ. ಎಲ್ಲವೂ ಸರಿ ಎಂದರೆ ಕರುಣೆಯಿಂದ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತೀಯ, ನನ್ನ ಮಾತು ನಂಬುವ ಕಾಲ ಹೋಯಿತು. ಎರಡು ತಪ್ಪಿವೆ. ಹಾಳೆಯ ಮೊದಲಿನಿಂದ ಎಣಿಸಿದರೆ ಡಾನ್ಸ್ ಹಾಲ್‌ನ ಮೂವತ್ತೊಂದನೇ ಮನೆ, ಸ್ಟುಡಿಯೊದ ಕೊನೆಯ ಮನೆ. ಯಾಕೆ ತಪ್ಪು ಎಂದು ಪಕ್ಕದಲ್ಲೇ ಬರೆದಿದ್ದೇನೆ. ಅವನ್ನು ನಾನು ತಿದ್ದಿಲ್ಲ, ತಿದ್ದುವುದೂ ಇಲ್ಲ.

ಟೀಚರ್